ಪೊರಕೆಗೊಂದು ಕಟ್ಟಳೆ

"ಎಲ್ಲಾ ಕಂಪ್ಯೂಟರಿಗೂ ಸೇರಿ ಒಂದೇ ಸೆಟ್ಟಿಂಗ್ಸ್ ಫೈಲು ಇದ್ರೆ ಸಾಕಲ್ವಾ ಅಕ್ಕ?" ಎಂದು ಸಹಾಯಕ ಮೌನಿ ಕೇಳಿದಾಗ, ಆಸ್ಪತ್ರೆಗೆಲ್ಲ ಅಕ್ಕನಾದ ಅವಳ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ ಅದರಲ್ಲೊಂದನ್ನು ಮೇಲಧಿಕಾರಿಯ ಎದುರೇ ಖರ್ಚು ಮಾಡಿದ್ದಾನೆಂದರೆ ಒಳಗೇನೋ ಇದೆ.

ಆಸ್ಪತ್ರೆಯ ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ ಸರ್ವರುಗಳ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಅಕ್ಕನ ದನಿಯೇ ದೊಡ್ಡದಾಗಿತ್ತು. ಹಳೆಯ ಫೈಲುಗಳನ್ನು ಗುಡಿಸಿ ಡಿಸ್ಕಿನಲ್ಲಿ ಜಾಗ ಮಾಡುವ ಪ್ರೋಗ್ರಾಮು ಬರೆದವಳು ಅವಳೇ. ಅದಕ್ಕೆ ಪೊರಕೆ ಎಂದು ಹೆಸರಿಟ್ಟವಳೂ ಅವಳೇ. ಪೊರಕೆಗೆ ಸ್ವಂತ ನೆನಪಿರಲಿಲ್ಲ. ಯಾವ ಕಂಪ್ಯೂಟರಿನಲ್ಲಿ ಎಷ್ಟು ಹಳೆಯದನ್ನು ತೆಗೆಯಬೇಕು, ಯಾವುದನ್ನು ಮುಟ್ಟಬಾರದು ಎಂದು ಪ್ರತಿ ಸಲವೂ ಟೈಪು ಮಾಡಿ ಹೇಳಬೇಕಿತ್ತು. ಅದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟರೆ ಪೊರಕೆಯೇ ಓದಿಕೊಳ್ಳುತ್ತದೆ ಎಂಬುದು ಮೌನಿಯ ಮಾತು. ಅದೆಲ್ಲ ಅಕ್ಕನಿಗೆ ಬಾಯಿಪಾಠ. ಹಾಗಾಗಿ ತಂಗಿಯ ಮಗು ಹುಟ್ಟಿ, ಮಗುಚಿ, ಅಂಬೆಗಾಲಿಡುವ ಹೊತ್ತಾದರೂ ನೋಡಿಬರಲು ಅವಳಿಗೆ ರಜೆ ಸಿಕ್ಕಿರಲಿಲ್ಲ.

"ಒಂದೇ ಫೈಲು ಅಂದ್ರೆ ಒಂದೇ ತಪ್ಪು, ಎಲ್ಲಾ ಕಡೆ," ಎಂದಳು ಅಕ್ಕ, ಮೇಲಧಿಕಾರಿಯ ಕಡೆ ತಿರುಗಿ. "ಎಕ್ಸ್‌ರೇ ಚಿತ್ರ ವರ್ಷಗಟ್ಟಲೆ ಇರ್ಬೇಕು. ಔಷಧಿ ಕೌಂಟರಿಂದು ತಿಂಗಳಿಗೇ ಕಸ. ಅಪ್ಪ ಮಗ ಇಬ್ರಿಗೂ ಒಂದೇ ಅಳತೆ ಅಂಗಿ ಹೊಲಿಸ್ತೀರಾ ಸಾರ್?"

"ಎಕ್ಸ್‌ರೇಗೆ ಅಂತ ಬೇರೆ ಸಾಲು ಬರೆದ್ರಾಯ್ತಲ್ಲ," ಎಂದರು ಮೇಲಧಿಕಾರಿ.

"ಫೈಲು ಒಂದು ಹೇಳುತ್ತೆ, ಟೈಪ್ ಮಾಡೋರು ಇನ್ನೊಂದು ಹೇಳ್ತಾರೆ. ಆಗ ಯಾರ ಮಾತು ನಡೀಬೇಕು?"

"ನಮ್ಮನೇಲಾದ್ರೆ ಕೊನೇಲಿ ಮಾತಾಡಿದೋರದ್ದು. ಅಂದ್ರೆ ನಂದಲ್ಲ."

ಅಕ್ಕ ನಗಲಿಲ್ಲ. ತಲೆಯಲ್ಲಿದ್ದದ್ದು ಫೈಲಿಗಿಳಿದರೆ ಯಾರು ಬೇಕಾದರೂ ಓದಬಹುದು. ಓದಿದವನು ತನ್ನ ಈ ಕುರ್ಚಿಯಲ್ಲೂ ಕೂರಬಹುದು. ಮೌನಿಯ ಕಣ್ಣು ಅದರ ಮೇಲೇ ಇರಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ?

"ನಿನಗ್ಯಾಕಪ್ಪಾ ಇದರ ಮೇಲೆ ಇಷ್ಟು ಆಸೆ?" ಎಂದು ಮೌನಿಯನ್ನು ನೇರವಾಗಿಯೇ ಕೇಳಿದಳು.

ಮೌನಿ ತನ್ನ ಚಪ್ಪಲಿ ನೋಡಿಕೊಂಡ. "ಹೋದ್ಸಲ ನಿಮಗೆ ಜ್ವರ ಬಂದಾಗ ಪೊರಕೆ ಓಡಿಸ್ದೆ ಅಂದಿದ್ನಲ್ಲ, ಓಡಿಸಿರ್ಲಿಲ್ಲ ಅಕ್ಕ. ಏನು ಅಳಿಸಿ ಹೋಗುತ್ತೋ ಅಂತ ಹೆದ್ರಿಕೆ ಆಯ್ತು. ಒಂದೊಂದೇ ಫೈಲು ತೆರೆದು ನೋಡಿ ತೆಗ್ದೆ. ಭಾನುವಾರನೂ ಬಂದಿದ್ದೆ."

"ಫೋನ್ ಮಾಡಿ ಕೇಳ್ಬಾರ್ದಿತ್ತಾ?"

"ಮಾಡಿದ್ದೆ. 'ಅಷ್ಟೂ ಗೊತ್ತಿಲ್ವಾ' ಅಂತ ಇಟ್ಬಿಟ್ರಿ."

ಮೇಲಧಿಕಾರಿ ಎಸಿಯ ಕಡೆ ಆಸಕ್ತಿಯಿಂದ ನೋಡಿದರು. "ಫೈಲು ಬರೆದಿಡಿ, ಮಗು ನೋಡ್ಕೊಂಡು ಬನ್ನಿ," ಎಂದರು ಕೊನೆಗೆ. "ಅದಿಲ್ದೆ ಯಾವ ಧೈರ್ಯದ ಮೇಲೆ ಕಳಿಸ್ಲಿ?"

ಅಕ್ಕ ಬರೆದಳು. ಒಂದು ಕಟ್ಟಳೆಯನ್ನು ಮಾತ್ರ ತನ್ನ ಇಷ್ಟದಂತೆ ಇಟ್ಟುಕೊಂಡಳು: ಕೈಯಲ್ಲಿ ಟೈಪು ಮಾಡಿದ ಮಾತು ಫೈಲಿನ ಮಾತಿಗಿಂತ ಮೇಲು. ಆಮೇಲೆ, ಏನನ್ನೂ ಅಳಿಸದೆ, ಅಳಿಸಬೇಕಾದ್ದರ ಪಟ್ಟಿಯನ್ನಷ್ಟೇ ತೋರಿಸುವಂತೆ ಮೌನಿಯ ಕೈಯಲ್ಲಿ ಪೊರಕೆ ಓಡಿಸಿ, ಅವನ ಬೆನ್ನ ಹಿಂದೆ ನಿಂತು ಸಾಲು ಸಾಲನ್ನೂ ಓದಿದಳು. ಒಂದು ತಪ್ಪೂ ಸಿಗಲಿಲ್ಲ. ಅದೂ ಅವಳಿಗೆ ಸರಿಬರಲಿಲ್ಲ.

ಪೊರಕೆ ನಿಜವಾಗಿ ಓಡುವ ದಿನ ಅಕ್ಕ ತಂಗಿಯ ಮನೆಯಲ್ಲಿದ್ದಳು. ತೊಡೆಯ ಮೇಲೆ ಮಗು, ಮಗುವಿನ ಪಕ್ಕದಲ್ಲಿ ಫೋನು. ಸಂಜೆಯಾದರೂ ಅದು ಬಡಿದುಕೊಳ್ಳಲಿಲ್ಲ. ಅವಳೇ ಎಕ್ಸ್‌ರೇ ಕೋಣೆಗೆ ಫೋನು ಹಚ್ಚಿದಳು.

"ಹಳೇ ಚಿತ್ರಗಳೆಲ್ಲ ಇವೆಯೇನಮ್ಮ?"

"ಎಲ್ಲಾ ಇದಾವೆ ಅಕ್ಕ. ಯಾಕೆ?"

"ಸುಮ್ನೆ ಕೇಳ್ದೆ."

"ಆಫೀಸಿಂದಾ?" ಎಂದಳು ತಂಗಿ, ಒಗೆದ ಬಟ್ಟೆ ಮಡಚುತ್ತ. "ನೀನಿಲ್ದೆ ಒದ್ದಾಡ್ತಿದಾರಾ?"

"ಹೂಂ," ಎಂದಳು ಅಕ್ಕ. ಮಗು ಫೋನನ್ನು ಬಾಯಿಗಿಡಲು ಎಳೆಯುತ್ತಿತ್ತು. ಅವಳು ಮೆಲ್ಲಗೆ ಬಿಡಿಸಿಕೊಂಡು, ಜೊಲ್ಲು ಒರೆಸಿ, ಸಿಗ್ನಲ್ ಇದೆಯೇ ಎಂದು ನೋಡಿದಳು. ಪೂರ್ತಿ ಇತ್ತು.