ಬಾಗಿಲಾಚೆಯ ಸೋಲೋ

ತನ್ನ ತಾಳ ತಪ್ಪಿದರೆ ಹೇಗೋ ತಾಳಿಕೊಳ್ಳಬಹುದು. ಪಕ್ಕದವಳ ತಾಳ ತಪ್ಪದಿದ್ದರೆ ಮಾತ್ರ ತಾಳಲಾಗದು. ಇದು ಯಾವ ಹಿರಿಯರೂ ಹೇಳಿದ್ದಲ್ಲ, ನಮ್ಮ ಥೆರನ್‌ನನ್ನು ನೋಡಿ ನಾನೇ ಕಟ್ಟಿದ್ದು. ಮುಂದಿನದೆಲ್ಲ ನಿಜ. ಅನುಮಾನವಿದ್ದರೆ ಅವನನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾನೆ.

ಆಗಸ್ಟ್ ತಿಂಗಳು. ಅಲಬಾಮಾದ ಬಿಸಿಲಿಗೆ ಕಾಲೇಜು ಮೈದಾನ ಕಾದ ಬಾಣಲೆಯಾಗಿತ್ತು. ನಮ್ಮ ಬ್ಯಾಂಡಿನ ಡ್ರಮ್ ತಂಡವಾದ ಡ್ರಮ್‌ಲೈನಿನಲ್ಲಿ ಸ್ನೇರ್ ಎಂಬ ಸಣ್ಣ ಡ್ರಮ್ ಬಾರಿಸುವವರ ಸಾಲಿಗೆ ಒಂದೇ ಜಾಗ ಖಾಲಿ. ಆಸೆಪಟ್ಟವರು ಇಬ್ಬರು: ನನ್ನ ಕೋಣೆಯ ಜೊತೆಗಾರ ಥೆರನ್ ಮತ್ತು ಮಾಂಟ್ಗೊಮರಿ ಊರಿನ ಲವೀನಿಯಾ. ಶನಿವಾರ ಆಯ್ಕೆ, ತಾವೇ ಆರಿಸಿದ, ಒಬ್ಬರೇ ಬಾರಿಸುವ ಒಂದು ಸೋಲೋ ಬಾರಿಸಿ ತೋರಿಸಬೇಕು. ಹಿಂದಿನ ವರ್ಷ ಸೋತ ಥೆರನ್ ಸೀಸನ್ ಪೂರ್ತಿ ಡ್ರಮ್‌ಲೈನಿಗೆ ನೀರು ಹೊತ್ತಿದ್ದ. ಈ ಸಲವೂ ಸೋತರೆ ಇನ್ನು ಡ್ರಮ್ಮಿನ ಕೋಲು ಮುಟ್ಟುವುದಿಲ್ಲ ಎಂದು ಅವರಮ್ಮನಿಗೆ ಫೋನಿನಲ್ಲಿ ಹೇಳುವುದನ್ನು ನಾನೇ ಕೇಳಿದ್ದೆ.

ಅವನು ಸ್ವಂತದ್ದೊಂದು ಸೋಲೋ ಕಟ್ಟಿದ್ದ. ಕಟ್ಟಿದ್ದೂ ತಿದ್ದಿದ್ದೂ ಹಾಸಿಗೆಯ ಮೇಲಿನ ರಬ್ಬರ್ ಪ್ಯಾಡಿನ ಮೇಲೆ, ಲವೀನಿಯಾಳ ಡ್ರಮ್ಮಿನ ಸದ್ದು ಬೀಳದಂತೆ ಕಿವಿಗೆ ಹತ್ತಿ ತುರುಕಿಕೊಂಡು. ನಿಜವಾದ ಡ್ರಮ್ಮಿನ ಮೇಲೆ ಬಾರಿಸಿದರೆ ಲವೀನಿಯಾ ಕದ್ದು ಕೇಳುತ್ತಾಳೆಂಬ ಭಯ. ಹಾಗಾಗಿ ತನ್ನ ಸೋಲೋ ಅವನಿಗೆ ಕೇಳಿಸಿದ್ದೆಂದರೆ ಬರೀ ಟಪ್ ಟಪ್.

"ಅವಳ ಮಣಿಕಟ್ಟು ನೋಡಿದ್ಯೇನೋ? ಮನುಷ್ಯರದ್ದಲ್ಲ ಅದು," ಎಂದ ಒಂದು ದಿನ.

"ಮತ್ಯಾರ್ದು?"

"ಹಾವಿಂದು. ಅವಳ ಮುಂದೆ ನಂದು ಗೋಡೆಗೆ ಮೊಳೆ ಹೊಡೆದಂಗಿರುತ್ತೆ. ಬೇರೆ ಆರಿಸ್ತೀನಿ."

"ಮಾರಾಯ, ಸೋಲೋ ಆರಿಸೋದ್ರಲ್ಲೇ ಸೋಲ್ತಿದ್ದೀಯ."

ಅವನು ನಗಲಿಲ್ಲ. ಅವನ ಹೊಟ್ಟೆಯ ಕಿಚ್ಚಿನಲ್ಲಿ ಇಡೀ ಬ್ಯಾಂಡಿಗಾಗುವಷ್ಟು ಮೀನು ಕರಿಯಬಹುದಿತ್ತು.

ಗುರುವಾರ ಸಂಜೆ ಲವೀನಿಯಾ ಚಿಕ್ಕಮ್ಮನ ಹುಟ್ಟುಹಬ್ಬಕ್ಕೆ ಊರಿಗೆ ಹೋದಳು. ಅದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. "ಬ್ಯಾಂಡ್ ಹಾಲಿಗೆ ಹೋಗು, ಅವಳ ಸೋಲೋ ಕೇಳ್ಬಹುದು. ಬಾಗಿಲು ಮಾತ್ರ ತೆಗೀಬೇಡ," ಎಂದು ಕಿವಿಯೂದಿ, ಹಿಂಬಾಗಿಲಿನಿಂದ ನಾನೇ ಒಳಗೆ ಹೋದೆ. ನಾನು ಬೇಸ್ ಡ್ರಮ್ಮಿನವನಾದರೂ ಥೆರನ್‌ನ ಸೋಲೋ ಕೇಳಿ ಕೇಳಿ ನಿದ್ದೆಯಲ್ಲೂ ಬರುತ್ತಿತ್ತು. ಲವೀನಿಯಾ ಶುರುಮಾಡುವ ಮುಂಚೆ ರಾಗ ಎಳೆದು ಎಣಿಸುತ್ತಾಳೆ, ನಡುವೆ ಮೂಗು ಸೊರ್ ಅನ್ನಿಸುತ್ತಾಳೆ. ಅವಳ ಗಂಟಲಿನಲ್ಲೇ "ಒಂದೂ... ಎರಡೂ... ಸೊರ್... ಮೂರು, ನಾಲ್ಕು" ಎಂದು ಎಣಿಸಿ ಅವನ ಸೋಲೋವನ್ನೇ ಬಾರಿಸಿದೆ. ಅವನ ವೇಗ ನನ್ನ ಕೈಗಿಲ್ಲ, ತುಸು ನಿಧಾನವಾಯಿತು.

ಕೋಣೆಗೆ ಬಂದರೆ ಥೆರನ್ ಗೋಡೆ ನೋಡುತ್ತಾ ಕೂತಿದ್ದ.

"ಸತ್ತೆ ಕಣೋ. ಎಷ್ಟು ನಿಧಾನ ಬಾರಿಸಿದ್ಲು ಗೊತ್ತಾ? ಅಷ್ಟು ನಿಧಾನ ಬಾರಿಸೋಕೆ ಎಂಥ ಧೈರ್ಯ ಬೇಕು. ಅಂಥದ್ದೊಂದು ನನಗ್ಯಾಕೆ ಹೊಳೀಲಿಲ್ಲ?"

ನಾನು ದಿಂಬು ಕಚ್ಚಿಕೊಂಡೆ. ಅವನು ಪ್ಯಾಡ್ ಎಳೆದುಕೊಂಡ. "ನೆನಪಿರೋವಾಗ್ಲೇ ಕಲ್ತ್ಕೋತೀನಿ." ಎರಡು ಏಟು ಹಾಕಿದ್ದೇ ತಡ, ಕೈಗಳು ತಾವಾಗಿಯೇ ಓಡಿದವು. "ಒಂದೇ ಸಲ ಕೇಳಿದ್ದಕ್ಕೆ ಬಂದ್ಬಿಡ್ತಲ್ಲೋ," ಎಂದು ಬೀಗಿದ. ಕೊನೆಗೆ ಕೋಲು ಮಗುಚಿ ದಪ್ಪ ತುದಿಯಿಂದ ಹೊಡೆಯುವ ಏಟುಗಳು ಬಂದವು. ಕೈ ನಿಂತಿತು.

"ಇದು ನಂದು."

ಇನ್ನೇನು ನಾನು ಬಾಯಿ ಬಿಡಬೇಕು, ಅಷ್ಟರಲ್ಲಿ ಅವನು ಎದ್ದೇಬಿಟ್ಟ. "ಕಳ್ಳಿ. ನನ್ನ ಸೋಲೋ ಕದ್ದಿದ್ದಾಳೆ." ಹೋಗಿ ನೋಡಿದರೆ ಅವಳ ಕೋಣೆಗೆ ಬೀಗ. ರಾತ್ರಿಯೆಲ್ಲ ಹಲ್ಲು ಕಡಿದ; ಅದೂ ತಾಳಕ್ಕೆ ಸರಿಯಾಗಿ.

ಮರುದಿನ ಊಟಕ್ಕೆ ಲವೀನಿಯಾ ಕ್ಯಾಂಟೀನಿನಲ್ಲಿ ಸಿಕ್ಕಿದಳು. ಕೈಯಲ್ಲಿ ಜೋಳದ ಬ್ರೆಡ್ಡು.

"ನಿನ್ನೆ ಸಂಜೆ ಹಾಲಲ್ಲಿ ಬಾರಿಸಿದ್ಯಲ್ಲ, ಅದು ನಂದು," ಎಂದ ಥೆರನ್.

"ನಿನ್ನೆ ಸಂಜೆ ನಾನು ಮಾಂಟ್ಗೊಮರೀಲಿ ಕೇಕ್ ತಿಂತಿದ್ದೆ."

"ಸುಳ್ಳು. ಬಾಗಿಲಿಗೆ ಕಿವಿಯಿಟ್ಟು ನಾನೇ ಕೇಳಿದ್ದೀನಿ."

"ಕಿವಿ ಇಟ್ಯಾ? ನಾನಿದ್ದೀನಿ ಅಂತ ಬಾಗಿಲಿಗೆ ಕಿವಿ ಇಟ್ಯಾ?"

ಥೆರನ್ ಕಿವಿ ಮುಟ್ಟಿಕೊಂಡ. ನನ್ನ ಬಾಯಿ ಮುಚ್ಚುವ ಜಾತಿಯದಲ್ಲ. "ಒಂದೂ... ಎರಡೂ... ಸೊರ್..." ಎಂದೆ. ಬ್ರೆಡ್ಡಿನ ಚೂರೊಂದು ಬಂದು ನನ್ನ ಹಣೆಗೆ ಬಿತ್ತು.

"ನಾನು ಹಾಗೆಲ್ಲ ಸೊರ್ ಅನ್ನಲ್ಲ," ಎಂದಳು ಲವೀನಿಯಾ. ಹಾಗೆಂದವಳೇ ಸೊರ್ ಅಂದಳು.

ಥೆರನ್ ನನ್ನನ್ನೇ ನೋಡಿದ. "ಹಂಗಾದ್ರೆ ನಿನ್ನೆ ನಾನು ಸತ್ತಿದ್ದು ನನ್ನ ಸೋಲೋ ಕೇಳಿ?"

"ಹೂಂ. ಅದೂ ನನ್ನ ದರಿದ್ರ ಕೈಯಲ್ಲಿ."

"ಅದೇನು ಬಾರಿಸು ನೋಡೋಣ," ಎಂದಳು ಲವೀನಿಯಾ.

ಥೆರನ್ ಜೇಬಿನಿಂದ ಕೋಲು ತೆಗೆದು ಮೇಜಿನ ಅಂಚಿನ ಮೇಲೆ ಬಾರಿಸಿದ. ಹತ್ತಿಯಿಲ್ಲದೆ, ತನ್ನದೇ ಕೈಯಲ್ಲಿ, ಗಟ್ಟಿಯಾಗಿ ಕೇಳಿದಾಗ ಅವನಿಗೂ ಅದು ಹೊಸದೇ. ಕೋಲು ಮಗುಚುವ ಹೊತ್ತಿಗೆ ಅವಳ ಮುಖ ನೋಡಬೇಕಿತ್ತು. ವಾರವಿಡೀ ಥೆರನ್‌ನ ಮುಖದ ಮೇಲಿದ್ದ ಕಿಚ್ಚು ಮನೆ ಬದಲಿಸಿತ್ತು.

"ನಾಳೆ ಇದನ್ನೇ ಬಾರಿಸ್ತೀಯಾ?"

"ಇದನ್ನೇ."

"ಹಾಗಾದ್ರೆ ನಾನು ಬೇರೆ ಆರಿಸ್ಬೇಕು," ಎಂದವಳೇ ತಟ್ಟೆಯನ್ನು ಅಲ್ಲೇ ಬಿಟ್ಟು ಬ್ಯಾಂಡ್ ಹಾಲಿನ ಕಡೆ ಓಡಿದಳು.

ಅವಳು ಬಿಟ್ಟುಹೋದ ಬ್ರೆಡ್ಡನ್ನು ಥೆರನ್ ಬಾಯಿಗಿಟ್ಟುಕೊಂಡ. ಅಗಿಯುತ್ತಿದ್ದವನು ತಡೆದು ಅವಳ ಹಾಗೇ ಸೊರ್ ಅಂದ. ನಾನು ನಕ್ಕೆ, ಪಕ್ಕದ ಮೇಜಿನವರು ನಕ್ಕರು. ಆದರೆ ಅವನು ನಕ್ಕ ಸದ್ದಿಗೆ ಅಡುಗೆಮನೆಯಿಂದ ಸೌಟು ಹಿಡಿದವರು ಹೊರಗೆ ಬಂದು ನೋಡಿದರು.