ಕೂದಲು ಒಣಗುವ ತನಕ ಕುಬಟೂರು

ಮೇಘನಾಗೆ ಧಾರವಾಡದಲ್ಲಿ ಸಂದರ್ಶನವಿತ್ತು. ಅಪ್ಪ ಅದರಲ್ಲಿನ ‘ಸಂ’ ಕಿತ್ತು ಅದನ್ನು ದರ್ಶನ ಮಾಡಿದರು. ಕಿತ್ತ ‘ಸಂ’ ಅನ್ನೂ ದಂಡ ಮಾಡಲಿಲ್ಲ. ‘ಸಾರ’ಕ್ಕೆ ಅಂಟಿಸಿ ಇಡೀ ಸಂಸಾರವನ್ನೇ ಗಾಡಿಗೆ ಹತ್ತಿಸಿದರು.

ಮೇಘನಾ ನನ್ನ ತಂಗಿ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಬೇಕೆಂದು ಕಾಯುತ್ತಿರುವವಳು. ಅವಳಿಗೆ ಬೇಕಾದ ವಿಷಯ ಉಣುಗು. ದನದ ಕಿವಿಯಲ್ಲಿ ಕಚ್ಚಿಕೊಂಡು ಕೂತಿರುತ್ತದಲ್ಲ, ಅದೇ. ನಮ್ಮ ಊರು ಕ್ಯಾಸನೂರಿನ ಮಗ್ಗುಲಲ್ಲಿದೆ. ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆಂದು ನಮ್ಮ ಕಡೆಯವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ನಮ್ಮ ಅಜ್ಜ ಹೋದದ್ದು ಆ ಜ್ವರದಲ್ಲೇ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಮೇಘನಾ ಮಾತ್ರ ಮನಸ್ಸಿನಿಂದ ಇಳಿಸಿಲ್ಲ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಆ ವಿಷಯದ ಮೇಲೆ ಕೆಲಸ ಮಾಡುವ ಮೇಡಂ ಒಬ್ಬರಿದ್ದಾರೆ. ಅವರು ಈ ಸಲ ತೆಗೆದುಕೊಳ್ಳುವುದು ಒಬ್ಬರನ್ನು, ಆಮೇಲೆ ಮೂರು ವರ್ಷ ಯಾರನ್ನೂ ಇಲ್ಲ. ಸಂದರ್ಶನ ಮಧ್ಯಾಹ್ನ ಹನ್ನೆರಡಕ್ಕೆ. ಕರೆದಾಗ ಇಲ್ಲದವರು ಇಲ್ಲದವರೇ.

ವಿಷಯ ಕೇಳಿದ ಅಜ್ಜಿ ಶೇಷಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಉಣುಗು ನೋಡಕ್ಕೆ ಧಾರವಾಡಕ್ಕೆ ಎಂತಕೆ ಹೋಗದು? ನಮ್ಮ ಕೊಟ್ಟಿಗೇಲಿ ಬರ ಬಂದಿದ್ಯಾ?”

ಮೇಘನಾ ಬೆಳಗಿನ ಮೊದಲ ಬಸ್ಸಿಗೆ ಒಬ್ಬಳೇ ಹೋಗಿ ಬರುವವಳಿದ್ದಳು. ಅಪ್ಪ ಒಪ್ಪಲಿಲ್ಲ. ಕೊಯ್ಲು ಮುಗಿದಿದೆ, ಕೈ ಬಿಡುವಾಗಿದೆ, ಎಲ್ಲರೂ ಆರಾಮಾಗಿ ಹೋಗಿ ಬರೋಣ, ಧಾರವಾಡ ನೋಡಿದ ಹಾಗೂ ಆಯಿತು, ಪೇಡೆ ತಂದ ಹಾಗೂ ಆಯಿತು ಎಂದರು. ಬಾಡಿಗೆಗೆ ಯತೀಶನ ಕ್ರೂಸರ್ ಗೊತ್ತು ಮಾಡಿದರು. ಗಾಡಿ ಎಂದ ಮೇಲೆ ಅದರ ಸೀಟು ಖಾಲಿ ಹೋಗಬಾರದು. ಇದು ನಮ್ಮ ಮನೆತನದ ಸಂವಿಧಾನ. ಅಪ್ಪ, ಅಮ್ಮ, ಅಜ್ಜಿ, ಮೇಘನಾ, ನಾನು. ದಾರಿಯಲ್ಲಿ ಆನವಟ್ಟಿಯಿಂದ ಗುತ್ಯಮ್ಮತ್ತೆ. ಪೇಡೆಗೋಸ್ಕರ ಇಷ್ಟು ಪೀಡೆ ಯಾಕೆ ಎಂದು ನಾನು ಆವತ್ತೇ ಗೊಣಗಿದ್ದೆ. ಅಪ್ಪ ಅದನ್ನು ಮೆಚ್ಚಿಕೊಂಡು ಪಕ್ಕದ ಮನೆಯವರಿಗೂ ಹೇಳಿ ಬಂದರು.

ನಸುಕಿನಲ್ಲಿ ಎಲ್ಲರೂ ಗಾಡಿ ಹತ್ತಿದ್ದೇ ತಡ, ಹಲ್ಲುಜ್ಜುತ್ತ ರಸ್ತೆಗೆ ಬಂದ ಎದುರು ಮನೆಯ ತಿಪ್ಪೇಶ, “ಎಲ್ಲಿಗೆ ಹೊರಟ್ರಿ?” ಎಂದು ಕೇಳಿಬಿಟ್ಟ. ಹೊರಟವರನ್ನು ‘ದೂರ ಹೊರಟ್ರಾ’ ಎನ್ನಬೇಕೇ ಹೊರತು ‘ಎಲ್ಲಿಗೆ’ ಎನ್ನಬಾರದು. ಅಜ್ಜಿ ಎಲ್ಲರನ್ನೂ ಇಳಿಸಿದಳು. ಒಳಗೆ ಹೋಗಿ, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ನೀರಿನ ಹಿಂದೆ ಕಾಫಿ ಬಂತು. ಕಾಫಿಗೆ ತಿಪ್ಪೇಶನೂ ಬಂದ. ಮೇಘನಾ ಮಾತ್ರ ತನ್ನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ತುದಿಯಲ್ಲಿ ಕೂತಿದ್ದಳು. ನಾನು ಗಡಿಯಾರ ತೋರಿಸಿ ತೋರಿಸಿ ಕೂಗಿದೆ. ತೀರ್ಥೇಶ ಎಂದು ನನಗೆ ಹೆಸರಿಟ್ಟವರು ಇವರೇ. ಯಾತ್ರೆ ಮಾಡಿಸುವವರೂ ಇವರೇ.

ಯತೀಶನ ವಿಷಯವನ್ನೂ ಹೇಳಬೇಕು. ನಾನು ಓದಿದ್ದು ಕನ್ನಡ ಎಂ.ಎ. ಛಂದಸ್ಸಿನಲ್ಲಿ ಯತಿ ಎಂದರೆ ಸಾಲಿನ ನಡುವೆ ಉಸಿರು ತೆಗೆಯಲು ಇರುವ ನಿಲುಗಡೆ. ಯತೀಶ ಎಂದರೆ ನಿಲುಗಡೆಗಳ ಒಡೆಯ. ಈ ಅರ್ಥ ನಿಘಂಟಿನಲ್ಲಿಲ್ಲ, ಸೊರಬದ ರಸ್ತೆಯಲ್ಲಿದೆ. ಎಲೆ ಅಡಿಕೆಗೆ ಒಮ್ಮೆ ನಿಂತ. ಗಾಳಿ ಹಿಡಿಸಲು ಒಮ್ಮೆ ನಿಂತ. ಎದುರಿಗೆ ಬಂದ ಟ್ರ್ಯಾಕ್ಟರಿನವನ ಜೊತೆ, ಅವನ ಎಮ್ಮೆ ಗಬ್ಬ ನಿಂತಿತೋ ಇಲ್ಲವೋ ಎಂದು ವಿಚಾರಿಸಲು, ಎರಡೂ ಗಾಡಿಗಳನ್ನು ರಸ್ತೆಯ ನಡುವೆ ಅಕ್ಕಪಕ್ಕ ನಿಲ್ಲಿಸಿಕೊಂಡ. ಹಿಂದಿನಿಂದ ಹಾರ್ನ್ ಮಾಡಿದವನನ್ನೂ ಆ ಮಾತಿಗೆ ಸೇರಿಸಿಕೊಂಡ.

ನನಗೆ ತಡೆಯಲಾಗಲಿಲ್ಲ. ಬಸ್ ಸ್ಟ್ಯಾಂಡಿನ ಮೈಕಿನ ಹೆಂಗಸಿನ ದನಿ ತೆಗೆದೆ. “ಪ್ರಯಾಣಿಕರೇ ದಯವಿಟ್ಟು ಗಮನಿಸಿ. ಕ್ಯಾಸನೂರಿನಿಂದ ಧಾರವಾಡಕ್ಕೆ ಹೋಗುವ ಆನಂದಪ್ಪನವರ ಸಂಸಾರವು ಅವರಿಗೆ ಬೇಕಾದಾಗ ಹೊರಡಲಿದೆ. ಜಗದಂಬೆಯ ತಂಗಿ ವಿಳಂಬೆಯು ನಿಮ್ಮನ್ನು ಕಾಪಾಡಲಿ.”

ಇದು ಬೈಗುಳ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನಿಗೆ ಕಣ್ಣಲ್ಲಿ ನೀರು ಬಂತು. ಇನ್ನೊಂದ್ಸಲ ಮಾಡು ಎಂದರು. ಸರಿಯಾಗಿ ಕೇಳಿಸಲೆಂದು ಯತೀಶ ಗಾಡಿಯನ್ನು ಬದಿಗೆ ಹಾಕಿದ. ನಗದೆ ಇದ್ದವಳು ಮೇಘನಾ ಒಬ್ಬಳೇ. ಅವಳು ಕಿಟಕಿಯ ಆಚೆ ಕೊಯ್ದ ಗದ್ದೆಗಳನ್ನು ನೋಡುತ್ತಿದ್ದಳು. ನಾನು ಮತ್ತೆ ಮಾಡಿದೆ. ಮಾಡದಿದ್ದರೆ ಗಾಡಿ ಹೊರಡುತ್ತಿರಲಿಲ್ಲ.

ಆನವಟ್ಟಿ ತಲುಪಿದಾಗ ಇನ್ನೂ ಹೊತ್ತಿತ್ತು. ನೇರ ಹೋಗಿದ್ದರೆ ಹನ್ನೆರಡಕ್ಕೆ ಮೊದಲೇ ಧಾರವಾಡದಲ್ಲಿ ಇರಬಹುದಿತ್ತು. ಅಪ್ಪನ ತಂಗಿ ಗುತ್ಯಮ್ಮತ್ತೆಯ ಮನೆ ಬಸ್ ಸ್ಟ್ಯಾಂಡಿಗೆ ಒಂದು ಕೂಗಳತೆ. ಅವಳನ್ನು ಕೊಟ್ಟದ್ದು ಶಿಕಾರಿಪುರದ ಕಡೆಗೆ. ಆನವಟ್ಟಿಗೆ ಬಂದು ವರ್ಷಗಳಾದರೂ ಮಾತು ಆ ಕಡೆಯದೇ. ಬಾಗಿಲಲ್ಲಿ ಇಣುಕಿದ ಅತ್ತೆಯ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಧಾರವಾಡಕ್ಕೆ ಹೋಗುವುದೆಂದು ಅವಳು ತಲೆಗೆ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಎರೆದುಕೊಂಡಿದ್ದಳು. ಅವಳ ಕೂದಲು ಮೊಣಕಾಲಿಗೆ ಬರುತ್ತದೆ.

“ಒದ್ದಿ ತಲೀಲೆ ದಾರಿಗೆ ಹೊಂಡಬಾರ್ದು. ಕುಂದರ್ರಿ, ಬಿಸ್ಲಿಗೆ ಹಿಡಿದ್ರ ಒಂದ್ ಗಳಿಗಿ ಒಣಗತೈತಿ,” ಎಂದಳು.

ನಾನು ಅತ್ತೆಯನ್ನು ಬಿಟ್ಟು ಹೋಗೋಣ ಎಂದೆ. ಬಾ ಎಂದು ಕರೆದು, ಮನೆಯ ತನಕ ಬಂದು, ಬಿಟ್ಟು ಹೋಗುವುದು ಶತ್ರುತ್ವ ಎಂದಳು ಅಜ್ಜಿ. ಹಾಗಾದರೆ ಫ್ಯಾನಿನ ಕೆಳಗಾದರೂ ಕೂರಿಸಿ ಎಂದೆ. ಕರೆಂಟಿರಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಒಂದು ಯೋಚನೆ ಬಂತು. ಅಪ್ಪನಿಗೆ ಯೋಚನೆ ಬಂದರೆ ನನಗೆ ಬರುವುದು ಯಾತನೆ. ಸುಮ್ಮನೆ ಕೂತು ಏನು ಮಾಡುವುದು, ಕುಬಟೂರು ಇಲ್ಲೇ ಇದೆಯಲ್ಲ, ಅತ್ತೆಯ ಕೂದಲು ಒಣಗುವ ತನಕ ಕೈಟಭೇಶ್ವರನಿಗೆ ಕೈ ಮುಗಿದು ಬರೋಣ, ಶುಭ ಕೆಲಸಕ್ಕೆ ಹೊರಟಿದ್ದೀವಿ ಎಂದರು.

ಮೇಘನಾ ಬರುವುದಿಲ್ಲ ಎಂದಳು. ಅಮ್ಮನೂ ರೊಟ್ಟಿ ಬುತ್ತಿಗೆ ಕಟ್ಟುವುದಿದೆ ಎಂದು ಉಳಿದಳು. ಅತ್ತೆ ತಾರಸಿಯ ಮೇಲೆ ಕೂದಲು ಹರವಿಕೊಂಡು ಕೂತಳು. ನಾನು ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಅಪ್ಪನನ್ನೂ ಯತೀಶನನ್ನೂ ಬೈಯುತ್ತ ಕುಬಟೂರಿಗೆ ಹೋದೆ.

ದೇವಸ್ಥಾನದಲ್ಲಿ ಒಬ್ಬರೂ ಇರಲಿಲ್ಲ. ಅಜ್ಜಿ ಪ್ರದಕ್ಷಿಣೆ ಹೊರಟಳು. ಪ್ರತಿ ಮೂಲೆಯಲ್ಲೂ ಮೊಣಕಾಲಿಗೆ ವಿಶ್ರಾಂತಿ ಕೊಟ್ಟಳು. ಅಪ್ಪ ನುಣುಪಾದ ಕಂಬದ ಮುಂದೆ ನಿಂತು ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ಆಗಿನ ಕಾಲದವರು ಎಷ್ಟು ಸಮಾಧಾನದಿಂದ ಉಜ್ಜಿರಬೇಕು ನೋಡು ಎಂದರು. ಅವರಿಗೆ ಹನ್ನೆರಡಕ್ಕೆ ಸಂದರ್ಶನ ಇರಲಿಲ್ಲ ಎಂದೆ. ಅಪ್ಪ ಅದನ್ನೂ ಮೆಚ್ಚಿಕೊಂಡರು. ಯತೀಶ ಕಟ್ಟೆಯ ಮೇಲೆ ಟವೆಲ್ ಹಾಸಿ ಮಲಗಿ ನಿದ್ದೆ ತೆಗೆದ. ಅವನನ್ನು ಎಬ್ಬಿಸಿದೆ, ಅವನು ಅಜ್ಜಿ ಬರಲಿ ಎಂದ. ಅಜ್ಜಿಯನ್ನು ಕರೆದೆ, ಅವಳು ಅಪ್ಪ ಬರಲಿ ಎಂದಳು. ಅಪ್ಪನನ್ನು ಕರೆದೆ, ಅವರು, ಗುತ್ಯಮ್ಮನ ಕೂದಲು ಒಣಗಿರಲ್ಲ ಬಿಡು ಎಂದರು. ಖಾಲಿ ನವರಂಗದಲ್ಲಿ ನಾನು ಕೂಗಿದ್ದು ನನಗೇ ವಾಪಸ್ ಕೇಳಿಸಿತು.

ತಿರುಗಿ ಬಂದಾಗ ಅತ್ತೆ ಜಡೆ ಹೆಣೆದು, ಹೂ ಮುಡಿದು, ತೆಂಗಿನಕಾಯಿ ತುಂಬಿದ ಚೀಲದೊಂದಿಗೆ ಬಾಗಿಲಲ್ಲಿ ಸಿದ್ಧವಾಗಿದ್ದಳು. ನಾನು ಇಳಿಯದೆ ಕೂತೆ. ಎಲ್ಲರೂ ಹತ್ತಿದ ಸದ್ದಾಯಿತು. ಗಾಡಿ ಊರು ದಾಟಿತು. ಈಗಿನಿಂದ ಓಡಿಸಿದರೂ ಹನ್ನೆರಡು ತಪ್ಪುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಮೇಘನಾಗೆ ಹೇಗೆ ಹೇಳುವುದೆಂದು ತಿರುಗಿದೆ. ಅವಳ ಜಾಗದಲ್ಲಿ ತೆಂಗಿನಕಾಯಿ ಚೀಲ ಕೂತಿತ್ತು.

ಗಾಡಿ ನಿಂತಿತು. ಅವಳು ನಮ್ಮ ಜೊತೆ ಕುಬಟೂರಿಗೆ ಹೋಗಿದ್ದಾಳೆಂದು ಅತ್ತೆ ತಿಳಿದಿದ್ದಳು, ಅತ್ತೆಯ ಜೊತೆ ಹತ್ತಿದ್ದಾಳೆಂದು ಅಪ್ಪ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಮ್ಮ ಮಾತ್ರ ಮಡಿಲಿನ ಬುತ್ತಿಯ ಗಂಟು ಬಿಗಿ ಮಾಡುತ್ತಿದ್ದಳು.

“ಹುಬ್ಬಳ್ಳಿ ಬಸ್ಸಿಗೆ ಹೋದ್ಲು. ನಾನೇ ಹತ್ತಿಸಿ ಬಂದೆ,” ಎಂದಳು.

“ಒಂದು ಮಾತು ಹೇಳಿ ಹೋಗದಲ್ವಾ ನಾಗವೇಣಿ?” ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು.

“ಹೇಳಿದ್ರೆ ಬಿಡ್ತಿದ್ರಾ? ಎಲ್ಲರೂ ಬಸ್ ಸ್ಟ್ಯಾಂಡಿಗೆ ಬರ್ತಿದ್ರಿ. ಬಸ್ಸಿನೋರಿಗೂ ಕಾಫಿ ಆಗ್ಬೇಕಿತ್ತು.”

ಅಮ್ಮ ತಮಾಷೆ ಮಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಈ ಸಲ ಯಾರೂ ನಗಲಿಲ್ಲ. ನಾನು ಫೋನ್ ಮಾಡಿದೆ, ಮೇಘನಾ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ‘ಹಾನಗಲ್ ದಾಟಿದೆ’ ಎಂಬ ಮೆಸೇಜು ಬಂತು. ಅಷ್ಟೇ.

ಓದಿ ಹೇಳಿದ್ದೇ ತಪ್ಪಾಯಿತು. ಅಪ್ಪನ ಮುಖ ಅರಳಿತು. ಅವಳು ಹೊತ್ತಿಗೆ ಮುಟ್ಟುತ್ತಾಳಲ್ಲ, ಇನ್ನು ನಮಗೇನು ಅವಸರ ಎಂದರು. ಅಲ್ಲಿಯ ತನಕ ಅವರು ಅವಸರದಲ್ಲಿದ್ದರೆಂದು ನನಗೆ ಗೊತ್ತಾದದ್ದು ಆಗಲೇ. ಹಾನಗಲ್ಲಿನಲ್ಲಿ ತಾರಕೇಶ್ವರ. ಮುಂದೆ ಒಂದು ಗೂಡಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ. ಅದು ಖಾರವಾಯಿತೆಂದು ಇನ್ನೊಂದು ಕಡೆ ಎಳನೀರು. ಮರದ ನೆರಳು ಚೆನ್ನಾಗಿದೆಯೆಂದು ಬುತ್ತಿ ಬಿಚ್ಚಿ ಅವರೆಕಾಳಿನ ಹುಳಿ, ರೊಟ್ಟಿ. ಹನ್ನೆರಡು ಆಗಿ ಹೋಯಿತು. ಬಸ್ಸು ಮುಟ್ಟಿತೋ, ಹುಬ್ಬಳ್ಳಿಯಲ್ಲಿ ಇನ್ನೊಂದು ಬಸ್ಸು ಸಿಕ್ಕಿತೋ, ಕರೆದಾಗ ಇದ್ದಳೋ ಒಂದೂ ತಿಳಿಯದು. ನಾನು ರೇಗಿದೆ. ಅತ್ತೆ, ನಿನ್ನ ಅಪ್ಪನ ದನಿಯಲ್ಲಿ ರೇಗು ನೋಡೋಣ, ಚಂದ ಮಾಡ್ತೀಯಂತಲ್ಲ ಎಂದಳು.

ಧಾರವಾಡದ ಗುಡ್ಡದ ಮೇಲೆ ವಿಶ್ವವಿದ್ಯಾಲಯದ ಒಳಗೆ ಗಾಡಿ ನಿಂತಾಗ ಬಿಸಿಲು ವಾಲಿತ್ತು. ದೊಡ್ಡ ದೊಡ್ಡ ಮರಗಳ ಕೆಳಗೆ ಹುಡುಗ ಹುಡುಗಿಯರು ಪುಸ್ತಕ ಮುಂದಿಟ್ಟುಕೊಂಡು ಹರಟುತ್ತಿದ್ದರು. ಮೇಘನಾ ಒಂದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಫೈಲು ಪಕ್ಕದಲ್ಲಿತ್ತು.

ನಾನು ಓಡಿ ಹೋಗಿ ಏನಾಯಿತು ಎಂದೆ. ಹೆಸರು ಕರೆಯುವಾಗ ಮೆಟ್ಟಿಲಲ್ಲಿದ್ದೆ ಎಂದಳು. ಓಡಿ ಬಂದ ಉಸಿರಿನಲ್ಲೇ ಒಳಗೆ ಹೋದಳಂತೆ. ಮೇಡಂ ಮೊದಲು ನೀರು ಕೊಟ್ಟರಂತೆ. ಹೊರಗೆ ಕಾಯಿಸಿ, ಎಲ್ಲರದೂ ಮುಗಿದ ಮೇಲೆ ಒಳಗೆ ಕರೆದು, ಮುಂದಿನ ತಿಂಗಳು ಬಂದು ಸೇರಿಕೋ ಎಂದರಂತೆ. ನನಗೆ ಖುಷಿಯಾಯಿತು, ಜೊತೆಗೆ ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟೂ ಒದ್ದುಕೊಂಡು ಬಂತು. ಈ ಜನಗಳ ಕೈಯಲ್ಲಿ ಸಿಕ್ಕಿ ನಿನ್ನ ಸೀಟೇ ಹೋಗುತ್ತಿತ್ತು, ನಾನೊಬ್ಬ ಬೆಳಗಿನಿಂದ ಬಡಿದುಕೊಂಡೆ, ಒಬ್ಬರಾದರೂ ಕೇಳಿದರಾ ಎಂದೆ.

ಅವಳು ನನ್ನನ್ನೇ ನೋಡಿದಳು. “ನೀನೂ ಕುಬಟೂರಿಗೆ ಹೋದ್ಯಲ್ಲ ಅಣ್ಣ.”

“ಬೈಕೊಂಡು ಹೋದೆ ಮಾರಾಯ್ತಿ.”

“ಹೂಂ. ಬೈಕೊಂಡು ಹೋದೆ. ಬಸ್ ಸ್ಟ್ಯಾಂಡು ಅಲ್ಲೇ ಹತ್ರ ಇತ್ತು. ನೀನು ಬೈದ್ರೆ ಅವ್ರಿಗೆಲ್ಲ ಹೊತ್ತು ಹೋಗುತ್ತೆ, ಅಷ್ಟೆ.”

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಏನಾದರೂ ತಿರುಗಿಸಿ ಹೇಳಬಹುದಿತ್ತು.

ಅಷ್ಟರಲ್ಲಿ ಉಳಿದವರು ಬಂದು ಹುಲ್ಲಿನ ಮೇಲೆ ಚಾಪೆ ಹಾಸಿದರು. ಸುದ್ದಿ ಕೇಳಿ ಅಜ್ಜಿ ಮೇಘನಾಳ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಅಪ್ಪ ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದರು. ಬಿಟ್ಟಿದ್ದೇ ಮುಂದಿನ ತಿಂಗಳ ಯೋಜನೆ ಹಾಕಿದರು. ಸೇರಿಸುವ ದಿನ ಎಲ್ಲರೂ ಬರುವುದು. ಗುತ್ಯಮ್ಮತ್ತೆಯ ಜೊತೆ ಮಾವನೂ ಬರಲಿ. ಹಿಂದಿನ ದಿನವೇ ಹೊರಟು ಆನವಟ್ಟಿಯಲ್ಲಿ ಉಳಿಯುವುದು. ಇನ್ನೂ ದೊಡ್ಡ ಗಾಡಿ ಸಿಗುತ್ತದಾ ಎಂದು ಯತೀಶನನ್ನು ಕೇಳಿದರು. ಸಿಗುತ್ತದೆ ಎಂದ.

“ಅಪ್ಪ, ಆವತ್ತು ನಾನೊಬ್ಳೇ ಬರ್ತೀನಿ,” ಎಂದಳು ಮೇಘನಾ.

ಎಲ್ಲರೂ ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು. ಇಂಥ ಹೊತ್ತಿನಲ್ಲಿ ಏನಾದರೂ ಹೇಳಿ ನಗಿಸುವುದು ಮನೆಯಲ್ಲಿ ನನ್ನ ಕೆಲಸ. ಅಪ್ಪನ ದನಿಯ ಅಣಕು ಗಂಟಲ ತುದಿಯಲ್ಲೇ ಇತ್ತು, ‘ಏಕಾಂಗಿ’ಯ ಮೇಲೆ ಒಂದು ಮಾತೂ ಹೊಳೆದಿತ್ತು. ಎರಡನ್ನೂ ನುಂಗಿದೆ.

“ಅವಳೊಬ್ಳೇ ಬರ್ಲಿ ಅಪ್ಪ,” ಎಂದೆ.

ಅತ್ತೆ ಬಾಯಿಗೆ ಸೆರಗು ಹಿಡಿದು ನಗಲು ಸಿದ್ಧಳಾದಳು. ಸ್ವಲ್ಪ ಕಾದು, “ಇದು ಯಾರ ದನಿಯೋ? ಗುರ್ತು ಹತ್ತಲಿಲ್ಲ,” ಎಂದಳು.

“ಯಾರದೂ ಅಲ್ಲ ಅತ್ತೆ.”

ಅಪ್ಪ ಹುಲ್ಲಿನ ಕಡ್ಡಿ ಕೀಳುತ್ತ ಕೂತರು. ಅವರಿಗೆ ನೋವಾದದ್ದು ಕಾಣುತ್ತಿತ್ತು. ಅಮ್ಮ ಲೋಟಕ್ಕೆ ನೀರು ಬಗ್ಗಿಸಿ ಅವರ ಮುಂದಿಟ್ಟಳು. ಅಪ್ಪ ನೀರು ಕುಡಿದು ಕೇಳಿದರು.

“ಸೊರಬದ ಬಸ್ ಸ್ಟ್ಯಾಂಡಿನ ತನಕ ಆದ್ರೂ ಬರಬಹುದಾ?”

ಮೇಘನಾ ಯೋಚಿಸಿದಳು. ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದಳು.

“ನೀವೊಬ್ರೇ ಬನ್ನಿ ಅಪ್ಪ,” ಎಂದಳು. “ಬೈಕಲ್ಲಿ.”