ಗೆರೆ ಎಳೆಯುವಾಗ ಮಾತಾಡಿಸಬಾರದು

"ಅಪ್ಪಾ, ಏನೂ ಮಾಡ್ಬೇಡ. ಸುಮ್ನೆ ಉಸಿರಾಡ್ತಾ ಕೂತ್ಕೋ, ಅಷ್ಟೇ."

ಮಗಳೇನೋ ಸಲೀಸಾಗಿ ಹೇಳಿಬಿಟ್ಟಳು. ಏನೂ ಮಾಡದೆ ಕೂರುವುದೆಂದರೆ ಪೇಂಟರಿಗೆ ಶಿಕ್ಷೆ. ಆಯುಷ್ಯವಿಡೀ ಅಂಗಡಿಗಳ ಬೋರ್ಡು ಬರೆದ ಕೈ ಅದು. ಖಾಲಿಯಿದ್ದರೆ ತೊಡೆಯ ಮೇಲೇ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಅವರು ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಬಿಗಿಯಾಗಿ ಕೂತರು.

ಮಗಳ ಪ್ರಯೋಗದ ಕೋಣೆಯಲ್ಲಿದ್ದದ್ದು ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲೊಂದು ಪರದೆ. ಎದುರಿನ ಸ್ಟ್ಯಾಂಡಿನ ಮೇಲೆ ಊಟದ ಡಬ್ಬಿಯಷ್ಟೇ ಇದ್ದ ಬಿಳಿ ಪೆಟ್ಟಿಗೆ. ಮೈ ಮುಟ್ಟದೆ, ಪಟ್ಟಿ ಕಟ್ಟದೆ, ಅಂಗಿ ಬಿಚ್ಚಿಸದೆ ದೂರದಿಂದಲೇ ಉಸಿರಾಟ ಅಳೆಯುವ ಪೆಟ್ಟಿಗೆ. ಮಗಳೇ ಕಟ್ಟಿದ್ದು. ಅದು ಬಿಡುವ ಅಲೆ ಎದೆಗೆ ತಾಗಿ ಹಿಂದಿರುಗುತ್ತದಂತೆ. ಎದೆ ಕೂದಲೆಳೆಯಷ್ಟು ಏರಿದರೂ ಪರದೆಯ ಮೇಲೆ ಗೆರೆ ಏರುತ್ತದಂತೆ.

"ಮೈ ಸುಟ್ಟಿರೋ ಮಕ್ಕಳಿಗೆ ಪಟ್ಟಿ ಕಟ್ಟೋಕಾಗುತ್ತಾ? ಅಂಥವ್ರಿಗೆ ಇದು. ಆದ್ರೆ ಮೊದ್ಲು ಆರೋಗ್ಯವಾಗಿರೋರು ಹೇಗೆ ಉಸಿರಾಡ್ತಾರೆ ಅಂತ ತಿಳೀಬೇಕು. ನೆಟ್ಟಗಿರೋದು ಯಾವ್ದು ಅಂತ ಗೊತ್ತಿದ್ರೆ ತಾನೇ ಸೊಟ್ಟ ಗೊತ್ತಾಗೋದು?" ಎಂದು ಮಗಳು ಮನೆಯಲ್ಲೇ ಹೇಳಿದ್ದಳು. ಕೊನೆಯ ಮಾತು ಪೇಂಟರದೇ. ಅದನ್ನು ಅವಳ ಬಾಯಲ್ಲಿ ಕೇಳಿ ಅವರ ಮುಖ ಊರಗಲ ಆಗಿತ್ತು.

ವಯಸ್ಸಾದ, ಆದರೂ ರೋಗವಿಲ್ಲದ ಜನ ಬೇಕೆಂದು ಮಗಳು ಹೇಳಿದಾಗ ಪೇಂಟರು ತಾವೇ ಮುಂದಾಗಿ ಬಂದಿದ್ದರು. "ಮಗಳ ಮಿಷನ್ ಮುಂದೆ ಬಾಯಿಮುಚ್ಕೊಂಡು ಕೂತ್ಕೊಳ್ಳಿ. ಅಲ್ಲೂ ನಿಮ್ಮ ಯಜಮಾನಿಕೆ ಬೇಡ" ಎಂದು ಹೆಂಡತಿ ಬಾಗಿಲಲ್ಲೇ ಎಚ್ಚರಿಸಿದ್ದಳು. ಬ್ರಷ್ಷು, ಬಣ್ಣ, ಸಣ್ಣ ಹಲಗೆ ತುಂಬಿದ ಚೀಲ ಹೆಗಲಿಗೇರಿಸಿದ್ದನ್ನು ನೋಡಿ, "ಉಸಿರಾಡೋಕೆ ಬ್ರಷ್ ಯಾಕ್ರೀ?" ಎಂದು ನಕ್ಕಿದ್ದಳು. ಯಾಕೆಂದು ಅವರು ಬಾಯಿಬಿಡಲಿಲ್ಲ. ಮಗಳ ಕೋಣೆಯ ಬಾಗಿಲಿಗೆ ಅವಳ ಹೆಸರನ್ನು ಕಾಗದದಲ್ಲಿ ಬರೆದು ಟೇಪು ಅಂಟಿಸಿದ್ದಾರೆಂದು ಅವರಿಗೆ ಹೇಗೋ ಗೊತ್ತಾಗಿತ್ತು. ಬೋರ್ಡು ಬರೆಯುವವನ ಮಗಳ ಹೆಸರು ಕಾಗದದ ಮೇಲೆ! ಥೂ, ಇದಕ್ಕಿಂತ ಅವಮಾನ ಬೇಕೆ?

"ನಿಯಮದ ಪ್ರಕಾರ ಪರದೆ ಆ ಕಡೆ ತಿರುಗಿರ್ಬೇಕು" ಎಂದಳು ಮಗಳು.

"ನೀನು ಮಾಡಿದ್ದನ್ನ ನಾನು ನೋಡ್ಬಾರ್ದೇನೆ?"

ಅವಳು ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ ತಾನೇ ಪರದೆಯನ್ನು ಅಪ್ಪನ ಕಡೆಗೆ ತಿರುಗಿಸಿದಳು. ತೋರಿಸಬೇಕೆಂಬ ಆಸೆ ಅವಳಿಗೇನು ಕಡಿಮೆ ಇತ್ತೇ?

ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಹೊರಟಿತು. ಏರಿತು, ಇಳಿಯಿತು, ಮತ್ತೆ ಏರಿತು. ತನ್ನ ಎದೆಯೇ ಎಳೆಯುತ್ತಿರುವ ಗೆರೆ! ಪೇಂಟರ ಕಣ್ಣು ತುಂಬಿ ಬಂತು. ಕಣ್ಣು ತುಂಬಿದ ಮೇಲೆ ಉಸಿರು ನೆಟ್ಟಗಿರುತ್ತದೆಯೇ? ಗೆರೆ ಕುಂಟತೊಡಗಿತು. ಒಂದು ಗುಡ್ಡ ದೊಡ್ಡದು, ಒಂದು ಸಣ್ಣದು. ಅಯ್ಯೋ, ಮಗಳ ಪರದೆಯ ಮೇಲೆ ಇಂಥ ಸೊಟ್ಟ ಗೆರೆಯೇ ಎಂದು ಅವರಿಗೆ ಕಸಿವಿಸಿಯಾಯಿತು. ಸೊಟ್ಟ ಗೆರೆ ಕಂಡಾಗ ಜನ್ಮವಿಡೀ ಏನು ಮಾಡಿದ್ದರೋ ಅದನ್ನೇ ಮಾಡಿದರು. ಉಸಿರು ಬಿಗಿಹಿಡಿದರು.

ಗೆರೆ ನೇರವಾಯಿತು. ದಾರ ಹಿಡಿದು ಗೆರೆ ಹೊಡೆದಷ್ಟು ನೇರ. ಆಹಾ!

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಮಗಳ ಮೇಲಧಿಕಾರಿ ದೊಡ್ಡ ಡಾಕ್ಟರು, ಅವರ ಹಿಂದೆ ಮಕ್ಕಳ ಆಸ್ಪತ್ರೆಯಿಂದ ಬಂದ ಹೆಂಗಸು. ಈ ಪೆಟ್ಟಿಗೆ ತಮ್ಮ ವಾರ್ಡಿಗೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಆಕೆಯೇ. ಇಬ್ಬರೂ ಪರದೆ ನೋಡಿದರು, ಕುರ್ಚಿಯಲ್ಲಿ ಕಣ್ಣರಳಿಸಿ ಕೂತ ಮನುಷ್ಯನನ್ನು ನೋಡಿದರು.

"ಸತ್ತೋರ ಗೆರೆ ಬರ್ತಿದೆಯಲ್ಲಮ್ಮಾ" ಎಂದರು ದೊಡ್ಡ ಡಾಕ್ಟರು. "ಇವ್ರು ನೋಡಿದ್ರೆ ಗುಂಡುಕಲ್ಲಿನ ಹಾಗಿದ್ದಾರೆ. ಕೈಕೊಡ್ತಲ್ಲ ನಿನ್ನ ಮಿಷನ್ನು, ಇವತ್ತೇ."

ಪೇಂಟರ ಉಸಿರು ಗಾಬರಿಯಿಂದ ಬುಸ್ಸೆಂದು ಹೊರಬಿತ್ತು. ಗೆರೆ ನೆಗೆದು ಬಿತ್ತು. ಕೆಟ್ಟೆನಲ್ಲಪ್ಪಾ, ಮಗಳ ವರ್ಷಗಟ್ಟಲೆಯ ದುಡಿಮೆಗೆ ನಾನೇ ಕಲ್ಲು ಹಾಕಿದೆನಲ್ಲಾ ಎಂದುಕೊಂಡರು.

ಮಗಳು ಮಾತ್ರ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಒಂದು ತಂತಿ ಅಲ್ಲಾಡಿಸಲಿಲ್ಲ, ಒಂದು ಗುಂಡಿ ಒತ್ತಲಿಲ್ಲ.

"ಮಿಷನ್ ಸರಿ ಇದೆ ಸಾರ್. ನಮ್ಮಪ್ಪ ಉಸಿರು ಹಿಡಿದಿದ್ರು."

"ಯಾಕ್ ಹಿಡೀತಾರೆ?"

ಪೇಂಟರು ಪರದೆಯತ್ತ ಬೆರಳು ತೋರಿದರು. "ಗೆರೆ ಸೊಟ್ಟ ಹೋಗ್ತಿತ್ತು ಸ್ವಾಮಿ. ನೆಟ್ಟಗೆ ಮಾಡೋಣ ಅಂತ..."

ಆಸ್ಪತ್ರೆಯ ಹೆಂಗಸು ನಕ್ಕುಬಿಟ್ಟರು. ದೊಡ್ಡ ಡಾಕ್ಟರು ನಗಲಿಲ್ಲ. "ಅಪ್ಪ ಮಗಳ ಪರ ಹೇಳ್ದೆ ಇನ್ಯಾರ ಪರ ಹೇಳ್ತಾರೆ? ಅದು ಸಾಕ್ಷಿ ಆಗುತ್ತಾ?"

"ಆಗಲ್ಲ ಸಾರ್. ಅದಕ್ಕೇ ಅವ್ರ ಮಾತು ಬೇಡ" ಎಂದಳು ಮಗಳು. "ಅಪ್ಪಾ, ಚೀಲದಲ್ಲಿ ಹಲಗೆ ಇದೆ ತಾನೇ? ಅಮ್ಮ ಫೋನ್ ಮಾಡಿ ಹೇಳಿದ್ಲು. ತೆಗಿ."

ಕುರ್ಚಿಯ ಮುಖ ಗೋಡೆಗೆ ತಿರುಗಿತು. ಪೆಟ್ಟಿಗೆ ಅವರ ಬೆನ್ನ ಹಿಂದೆ ಬಂತು. "ಕೈ ಆಡಿದ್ರೆ ಗೆರೆ ಕೆಡಲ್ವಾ?" ಎಂದು ಹೆಂಗಸು ಕೇಳಿದರು. "ನಮ್ಮಪ್ಪ ಬರೆಯುವಾಗ ಭುಜ ಅಲ್ಲಾಡಲ್ಲ ಮೇಡಂ. ಮಣಿಕಟ್ಟು ಮಾತ್ರ. ನೀವು ಅವ್ರ ಬ್ರಷ್ ನೋಡ್ತಾ ಇರಿ. ನಾನು ಅವ್ರ ಕಡೆ ಬೆನ್ನು ಹಾಕಿ ಪರದೆ ಮಾತ್ರ ನೋಡ್ತೀನಿ."

ಪೇಂಟರು ಕಪ್ಪು ಹಲಗೆಯನ್ನು ಮೊಣಕಾಲಿಗೆ ಆನಿಸಿಕೊಂಡು ಬ್ರಷ್ಷನ್ನು ಬಿಳಿಯಲ್ಲಿ ಅದ್ದಿದರು. ಕೈಗೆ ಕೆಲಸ ಸಿಕ್ಕಿದ ಕೂಡಲೇ ಗಾಬರಿ ಎಲ್ಲಿ ಹೋಯಿತೋ! ಮೊದಲ ಅಕ್ಷರಕ್ಕೆ ಬ್ರಷ್ಷು ತಾಗಿಸಿದರು.

"ಈಗ ಇಟ್ರು" ಎಂದಿತು ಹಿಂದಿನಿಂದ ಮಗಳ ದನಿ. ಅವರು ಅಕ್ಷರ ಸುತ್ತಿ ಬ್ರಷ್ಷು ಎತ್ತಿದರು. "ಈಗ ಎತ್ತಿದ್ರು."

ಎರಡನೆಯ ಅಕ್ಷರ. "ಇಟ್ರು." ನಡುವೆ ಬ್ರಷ್ಷಿನಲ್ಲಿ ಬಣ್ಣ ಸಾಲದೆ ಎತ್ತಿದರೆ ಅದೂ ಅವಳಿಗೆ ತಿಳಿಯಿತು. "ಎತ್ತಿದ್ರು. ಮತ್ತೆ ಇಟ್ರು."

"ಸರಿಯಾಗೇ ಹೇಳ್ತಿದ್ದಾಳಲ್ರೀ!" ಎಂದರು ಹೆಂಗಸು. ದೊಡ್ಡ ಡಾಕ್ಟರು ಒಮ್ಮೆ ಬ್ರಷ್ಷು, ಒಮ್ಮೆ ಪರದೆ ನೋಡುತ್ತ ಕತ್ತು ನೋಯಿಸಿಕೊಂಡರು. ಕೊನೆಗೆ, "ಇವ್ರು ಉಸಿರು ಹಿಡಿದೇ ಬರೀತಾರೆ ಅಂತ ನಿಂಗೆ ಹೇಗಮ್ಮಾ ಗೊತ್ತು?" ಎಂದರು. ದನಿ ಮೆತ್ತಗಾಗಿತ್ತು.

"ನಮ್ಮನೇಲಿ ಒಂದು ಕಟ್ಟಳೆ ಸಾರ್. ಅಪ್ಪ ಗೆರೆ ಎಳೆಯುವಾಗ ಮಾತಾಡಿಸ್ಬಾರ್ದು. ಏನಾದ್ರೂ ಬೇಕಿದ್ರೆ ನಾನು ಹೊಸ್ತಿಲಲ್ಲಿ ನಿಂತು ಅವ್ರ ಬೆನ್ನೇ ನೋಡ್ತಿದ್ದೆ. ಬೆನ್ನು ಇಳಿದ್ರೆ ಉಸಿರು ಬಿಟ್ರು ಅಂತ. ಆಗ ಕೇಳ್ತಿದ್ದೆ. ಮುಟ್ಟದೆ ಅಳೆಯೋದು ನಂಗೆ ಆವಾಗ್ಲೇ ರೂಢಿ."

ಪೇಂಟರಿಗೆ ಇದು ಗೊತ್ತೇ ಇರಲಿಲ್ಲ. ಬೆನ್ನ ಹಿಂದೆ ಒಂದು ಮಗು ಅಷ್ಟು ಹೊತ್ತು ಕಾದು ನಿಲ್ಲುತ್ತಿತ್ತೆಂದು ಅವರು ತಿರುಗಿ ನೋಡಿದ್ದೇ ಇಲ್ಲ. ಈಗಲೂ ತಿರುಗುವಂತಿರಲಿಲ್ಲ, ಮಗಳ ಹೆಸರಿನ ಕೊನೆಯ ಅಕ್ಷರ ಬಾಕಿಯಿತ್ತು. ಎಷ್ಟೋ ಸಾಹುಕಾರರ ಹೆಸರು ಬರೆದಿದ್ದರು, ಎಷ್ಟೋ ಡಾಕ್ಟರುಗಳ ಹೆಸರೂ ಬರೆದಿದ್ದರು. ಈ ಹೆಸರನ್ನು ಮಾತ್ರ ಬೋರ್ಡಿನ ಮೇಲೆ ಬರೆಯುತ್ತಿರುವುದು ಇದೇ ಮೊದಲು. ಅವರು ಎದೆ ತುಂಬ ಗಾಳಿ ಎಳೆದುಕೊಂಡು ಬ್ರಷ್ಷು ಇಟ್ಟರು.

"ಇಟ್ರು" ಎಂದಳು ಮಗಳು.

ಅವರಿಗೆ ಅವಸರವಿರಲಿಲ್ಲ. ಅಕ್ಷರದ ಹೊಟ್ಟೆ ದುಂಡಗೆ ಸುತ್ತಿ, ತಲೆಕಟ್ಟು ಎಳೆದು, ಕೊನೆಯ ಬಾಲವನ್ನು ಮೆಲ್ಲಗೆ, ಬಲು ಮೆಲ್ಲಗೆ ಹೊರಳಿಸಿದರು. ದೊಡ್ಡ ಡಾಕ್ಟರು ಏನೋ ಹೇಳಲು ಹೊರಟರು. ಮಗಳು ಪರದೆಯಿಂದ ಕಣ್ಣು ಕೀಳದೆ ತುಟಿಯ ಮೇಲೆ ಬೆರಳಿಟ್ಟಳು.

ಬ್ರಷ್ಷು ಹಲಗೆ ಬಿಟ್ಟಿತು. ಪೇಂಟರ ಬೆನ್ನು ನಿಧಾನವಾಗಿ ಇಳಿಯಿತು.

"ಹ್ಞಾ" ಎಂದಳು ಮಗಳು. "ಇನ್ನು ಅಪ್ಪನ್ನ ಮಾತಾಡಿಸ್ಬಹುದು."

ಪೇಂಟರು ಹಲಗೆಯನ್ನು ಬೆಳಕಿಗೆ ಹಿಡಿದು ಕೂತರು. ಬಣ್ಣ ಇನ್ನೂ ಹಸಿಯಾಗಿತ್ತು. ಅವರ ಬೆನ್ನ ಹಿಂದೆ, ಅವರು ನೋಡದ ಪರದೆಯ ಮೇಲೆ, ಹಸಿರು ಗೆರೆ ತನ್ನ ಪಾಡಿಗೆ ತಾನು ಏರುತ್ತ ಇಳಿಯುತ್ತ ಹೋಗುತ್ತಿತ್ತು.